ಕನ್ನಡದ ದನಿಗೆ ಕಡಿಮೆ ಕೂಲಿ ಏಕೆ?



ಟೆಲಿಫೋನ್ ಆಪರೇಟರ್ ಕೆಲಸವೆಂದರೆ ನಮ್ಮಲ್ಲಿ ಬಹಳ ಜನಕ್ಕೆ ಇವತ್ತಿಗೂ ತಾತ್ಸಾರ. "ಕೂತ್ಕೊಂಡು ಹಲೋ ಅನ್ನೋದು ತಾನೇ, ಅದಕ್ಕೇನು ಮಹಾ ಸಂಬಳ?" ಎಂದು ಕೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಆ ಹಲೋ ಎನ್ನುವ ದನಿ ಇಲ್ಲದಿದ್ದರೆ ಆಸ್ಪತ್ರೆ ನಡೆಯುವುದಿಲ್ಲ, ಹೋಟೆಲು ನಡೆಯುವುದಿಲ್ಲ, ಕರೆಂಟು ಹೋದರೆ ಹೇಳಿಕೊಳ್ಳಲು ಗತಿಯಿಲ್ಲ. ರಸ್ತೆಯಲ್ಲಿ ಬಿದ್ದವನ ಬಳಿಗೆ ಆಂಬುಲೆನ್ಸ್ ಬರುವುದಿಲ್ಲ. ಊರಿಗೆಲ್ಲ ಓಗೊಡುವ ಈ ದನಿಗೆ ಬೆಲೆ ಕಟ್ಟುವವರು ಯಾರು? ಯಾವ ಲೆಕ್ಕದಲ್ಲಿ? ಆ ಲೆಕ್ಕದಲ್ಲಿ ಕನ್ನಡಕ್ಕೆ ಸಿಗುತ್ತಿರುವುದು ಎಷ್ಟು ಕಾಸು? ಈ ಸಲ ನಾವು ಕೇಳುತ್ತಿರುವುದು ಇಷ್ಟೇ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಪಿಯುಸಿ ಮುಗಿಸಿದ, ಡಿಗ್ರಿ ಅರ್ಧಕ್ಕೆ ಬಿಟ್ಟ ಸಾವಿರಾರು ಕನ್ನಡದ ಹುಡುಗ ಹುಡುಗಿಯರು ಇವತ್ತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅನ್ನ ಸಂಪಾದಿಸುತ್ತಿದ್ದಾರೆ. ಕೆಲವರ ಬೋರ್ಡಿನ ಮೇಲೆ ಟೆಲಿಫೋನ್ ಆಪರೇಟರ್ ಎಂದಿದೆ. ಕೆಲವರ ಕಾರ್ಡಿನ ಮೇಲೆ ಕಸ್ಟಮರ್ ಕೇರ್ ಎಕ್ಸಿಕ್ಯುಟಿವ್ ಎಂಬ ಉದ್ದನೆಯ ಹೆಸರಿದೆ. ಹೆಸರು ಉದ್ದವಾದಷ್ಟೂ ಸಂಬಳ ಉದ್ದವಾಗಿಲ್ಲ. ಕೆಲಸ ಮಾತ್ರ ಒಂದೇ: ಬೇರೆಯವರ ಕಷ್ಟ ಕೇಳಿ, ಸರಿಯಾದ ಜಾಗಕ್ಕೆ ಮುಟ್ಟಿಸುವುದು.

ಹಳೆಯ ಕಾಲದ ಲೆಕ್ಕ

ಈ ಕೆಲಸದ ಸಂಬಳದ ಕಥೆ ಹುಟ್ಟಿನಿಂದಲೇ ಸ್ವಲ್ಪ ವಕ್ರ. ಅಮೆರಿಕದ ಬಾಸ್ಟನ್ ನಗರದಲ್ಲಿ 1878ರ ಸೆಪ್ಟೆಂಬರ್ 1ರಂದು ಎಮ್ಮಾ ನಟ್ ಎಂಬ ಹೆಣ್ಣುಮಗಳು ಕೆಲಸಕ್ಕೆ ಸೇರಿದಳು. ಪ್ರಪಂಚದ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಆಕೆಯೇ. ಅದಕ್ಕೆ ಮುಂಚೆ ಆ ಜಾಗದಲ್ಲಿ ಹದಿಹರೆಯದ ಹುಡುಗರಿದ್ದರು. ಅವರು ಗಿರಾಕಿಗಳ ಮೇಲೆ ರೇಗುತ್ತಿದ್ದರು, ಜಗಳ ಆಡುತ್ತಿದ್ದರು. ಹೆಣ್ಣುಮಕ್ಕಳ ದನಿ ಮೆದು, ತಾಳ್ಮೆ ಹೆಚ್ಚು, ಕೂಲಿ ಕಡಿಮೆ ಕೊಟ್ಟರೂ ನಡೆಯುತ್ತದೆ. ಮಾಲೀಕರಿಗೆ ಇನ್ನೇನು ಬೇಕು? ವಾರಕ್ಕೆ 54 ಗಂಟೆ ದುಡಿಮೆ, ತಿಂಗಳಿಗೆ 10 ಡಾಲರ್ ಸಂಬಳ. ಈ ವೃತ್ತಿಯ ಮೊದಲ ಪಾಠ ಅಲ್ಲೇ ಇದೆ. ದನಿ ಚೆನ್ನಾಗಿದ್ದರೆ ಹೊಗಳುತ್ತಾರೆ, ಹೊಗಳಿದ್ದಕ್ಕೆ ದುಡ್ಡು ಕೊಡುವುದಿಲ್ಲ.

ಆ ಹೆಣ್ಣುಮಕ್ಕಳು ಸುಮ್ಮನೆ ಕೂರಲಿಲ್ಲ. 1919ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದ ಸಾವಿರಾರು ಆಪರೇಟರ್‌ಗಳು ಜೂಲಿಯಾ ಓ'ಕಾನರ್ ಎಂಬಾಕೆಯ ಮುಂದಾಳತ್ವದಲ್ಲಿ ಬೋರ್ಡು ಬಿಟ್ಟು ಬೀದಿಗೆ ಬಂದರು. ಆಗ ಯುದ್ಧದ ಕಾರಣಕ್ಕೆ ಟೆಲಿಫೋನು ಅಲ್ಲಿನ ಸರ್ಕಾರದ ಹತೋಟಿಯಲ್ಲಿತ್ತು. ಲೈನು ಎಳೆಯುವ ಗಂಡಸರೂ ಜೊತೆಗೆ ನಿಂತರು. ಒಂದು ವಾರದೊಳಗೆ ಸರ್ಕಾರ ಮಣಿದು ಸಂಬಳ ಏರಿಸಿತು. ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ಬಾಗಿಲು ತೋರಿಸುತ್ತಿದ್ದರು. ಒಟ್ಟಾಗಿ ಕೇಳಿದ್ದಕ್ಕೆ ಮಾತುಕತೆಗೆ ಕುರ್ಚಿ ಹಾಕಿದರು.

ನಮ್ಮ ದೇಶಕ್ಕೆ ಟೆಲಿಫೋನ್ ಎಕ್ಸ್‌ಚೇಂಜ್ ಬಂದದ್ದು 1882ರಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸುಗಳಿಗೆ. ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ದೂರದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. 180 ತಿರುಗಿಸಿದರೆ ಟ್ರಂಕ್ ಬುಕಿಂಗ್, 197 ತಿರುಗಿಸಿದರೆ ವಿಚಾರಣೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜೆಂಟ್‌ಗೆ ಎರಡು ಪಟ್ಟು, ಲೈಟ್ನಿಂಗ್‌ಗೆ ಎಂಟು ಪಟ್ಟು ಹಣ. ಸಾವಿನ ಸುದ್ದಿ ಮುಟ್ಟಿಸಲು ಎಂಟು ಪಟ್ಟು ತೆತ್ತವರು ನಮ್ಮ ಮನೆಗಳ ಹಿರಿಯರೇ. ಇಲಾಖೆಗೆ ಎಂಟು ಪಟ್ಟು ಹೋಯಿತು. ಆ ಕರೆಯನ್ನು ಕೂಡಿಸಿಕೊಟ್ಟ ಆಪರೇಟರ್‌ಗೆ ಮಾತ್ರ ಅದೇ ತಿಂಗಳ ಸಂಬಳ.

ಹಾಗಿದ್ದರೂ ಆ ಸಂಬಳಕ್ಕೆ ಒಂದು ಮರ್ಯಾದೆ ಇತ್ತು. ಮೂರನೆಯ ವೇತನ ಆಯೋಗದ ಕಾಲದಲ್ಲಿ, ಅಂದರೆ 1973ರಿಂದ, ಇಲಾಖೆಯ ಆಪರೇಟರ್‌ನ ಶ್ರೇಣಿ 260ರಿಂದ 480 ರೂಪಾಯಿ. ನಾಲ್ಕನೆಯ ಆಯೋಗದಲ್ಲಿ, 1986ರಿಂದ, 975ರಿಂದ 1660. ಮೆಟ್ರಿಕ್ ಪಾಸಾದವರಿಗೆ ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಜೊತೆಗೆ ತುಟ್ಟಿಭತ್ಯೆ, ರಜೆ, ಪಿಂಚಣಿ. 1983ರಲ್ಲಿ ಬಂದ ಏರ್ಪಾಡಿನಲ್ಲಿ 16 ವರ್ಷ ಸೇವೆಗೆ ಒಂದು ಬಡ್ತಿ, 1990ರದ್ದರಲ್ಲಿ 26 ವರ್ಷಕ್ಕೆ ಇನ್ನೊಂದು. ಇದೆಲ್ಲ ಯಾರೂ ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಅಂಚೆ ತಂತಿ ನೌಕರರ ಸಂಘಗಳು ಪಟ್ಟು ಹಿಡಿದು ಪಡೆದದ್ದು. 1968ರ ಸೆಪ್ಟೆಂಬರ್ 19ರಂದು ಕೇಂದ್ರ ಸರ್ಕಾರಿ ನೌಕರರು ಅಗತ್ಯಕ್ಕೆ ತಕ್ಕ ಕನಿಷ್ಠ ವೇತನ ಬೇಕೆಂದು ಒಂದು ದಿನದ ಮುಷ್ಕರ ಹೂಡಿದಾಗ ಸರ್ಕಾರ ಸುಗ್ರೀವಾಜ್ಞೆ ತಂದು ಹೆದರಿಸಿತು. ಜೈಲು ಕಂಡವರಿದ್ದಾರೆ, ಕೆಲಸ ಕಳೆದುಕೊಂಡವರಿದ್ದಾರೆ.

ಅದೇ ಇಲಾಖೆಯ ಇನ್ನೊಂದು ಮುಖವನ್ನೂ ಹೇಳಬೇಕು. 1980ರ ದಶಕದಲ್ಲಿ ಖಾಯಂ ಆಪರೇಟರ್ ಪಕ್ಕದ ಕುರ್ಚಿಯಲ್ಲೇ ಶಾರ್ಟ್ ಡ್ಯೂಟಿ ಆಪರೇಟರ್ ಎಂಬವರನ್ನು ಕೂರಿಸಿದರು. ಅದೇ ಬೋರ್ಡು, ಅದೇ ಬೈಗುಳ, ಸಂಬಳ ಮಾತ್ರ ಗಂಟೆ ಲೆಕ್ಕ. ಇದೇ ಅಂಚೆ ತಂತಿ ಇಲಾಖೆಯ ದಿನಗೂಲಿಗಳ ಮೊಕದ್ದಮೆಯಲ್ಲಿ 1987ರಲ್ಲಿ ಸುಪ್ರೀಂ ಕೋರ್ಟು, ಖಾಯಂ ಕೆಲಸಗಾರರಿಗಿಂತ ಕಡಿಮೆ ಕೊಡುವುದು ಶೋಷಣೆ ಎಂದು ಹೇಳಿ ಕನಿಷ್ಠ ಶ್ರೇಣಿಯ ವೇತನ ಕೊಡಿಸಿತು. ಒಂದೇ ಕೆಲಸಕ್ಕೆ ಎರಡು ಸಂಬಳ ಎಂಬ ರೋಗ ಇವತ್ತಿನದಲ್ಲ ಎಂದು ತಿಳಿಯಲು ಇಷ್ಟು ಸಾಕು.

ಯಂತ್ರ ಬಂದದ್ದೇ ತಪ್ಪೇ?

ಯಂತ್ರ ಬಂದು ಆಪರೇಟರ್‌ಗಳ ಹೊಟ್ಟೆಯ ಮೇಲೆ ಹೊಡೆಯಿತು ಎನ್ನುವವರಿದ್ದಾರೆ. ಸ್ವಲ್ಪ ನಿಜ. 1960ರಲ್ಲಿ ಲಕ್ನೋ ಮತ್ತು ಕಾನ್ಪುರದ ನಡುವೆ ದೇಶದ ಮೊದಲ ಎಸ್.ಟಿ.ಡಿ. ಬಂತು. 1948ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆ ದೇಶಕ್ಕೆಲ್ಲ ಎಕ್ಸ್‌ಚೇಂಜು, ಟೆಲಿಫೋನು ಮಾಡಿಕೊಟ್ಟಿತು. 1986ರಲ್ಲಿ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಮಾಡಿದ 128 ಲೈನುಗಳ ಸ್ವದೇಶಿ ಎಕ್ಸ್‌ಚೇಂಜನ್ನು ಮೊದಲು ಕೂರಿಸಿದ್ದು ಎಲ್ಲಿ ಗೊತ್ತೇ? ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರಿನಿಂದ ಹೊರಟ ಆ ಪುಟ್ಟ ಪೆಟ್ಟಿಗೆ ದೇಶದ ಹಳ್ಳಿ ಹಳ್ಳಿಗೆ ಹೋಯಿತು. ಕೈಯಿಂದ ಕೂಡಿಸುವ ಬೋರ್ಡುಗಳು ಒಂದೊಂದಾಗಿ ಮೂಲೆ ಸೇರಿದವು.

ಆದರೆ ಕೆಲಸ ಸತ್ತಿತೇ? ಇಲ್ಲ, ಜಾಗ ಬದಲಿಸಿತು. ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ ಹನ್ನೊಂದರ ನಂತರ ಕಾಲು ದರ ಎಂಬ ಕಾರಣಕ್ಕೆ ಜನ ಆ ಹೊತ್ತಿಗೆ ಸಾಲು ನಿಲ್ಲುತ್ತಿದ್ದರು. ಕಣ್ಣು ಎಳೆಯುತ್ತಾ ಮೀಟರ್ ನೋಡಿ ಬಿಲ್ಲು ಹರಿಯುತ್ತಿದ್ದ ಬೂತಿನ ಹುಡುಗರು ಯಾವ ವೇತನ ಶ್ರೇಣಿಗೂ ಸೇರಿದವರಲ್ಲ. ಬೂತುಗಳು ಹೋದವು, ಕಾಲ್ ಸೆಂಟರ್‌ಗಳು ಬಂದವು. 2000ದ ಅಕ್ಟೋಬರ್ 1ರಂದು ಇಲಾಖೆಯೇ ಬಿ.ಎಸ್.ಎನ್.ಎಲ್. ಕಂಪನಿಯಾಯಿತು. 2020ರ ಜನವರಿ 31ರಂದು ಆ ಕಂಪನಿಯಿಂದ ಒಂದೇ ದಿನ ಸುಮಾರು 78,500 ಜನ ಸ್ವಯಂ ನಿವೃತ್ತಿ ಪಡೆದು ಹೊರನಡೆದರು.

ನಾನು ಅಚ್ಚಿನ ಮನೆಯವನು. ಮೊಳೆ ಜೋಡಿಸುವ ಕಂಪೋಸಿಂಗ್ ಹೋಗಿ ಕಂಪ್ಯೂಟರ್ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಯಂತ್ರ ಬಂದಾಗ ಕೆಲಸ ಬದಲಾಗುತ್ತದೆ, ಅದನ್ನು ತಡೆಯಲಾಗದು. ಆದರೆ ಉಳಿದ ಕೆಲಸಕ್ಕೆ ಎಷ್ಟು ಕೂಲಿ ಎಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವವರು ಮನುಷ್ಯರು. ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟಿದರೆ ಲಾಭ ಯಾರಿಗೆ ಎಂದು ಯೋಚಿಸಿ.

ಒಂದೇ ಕುರ್ಚಿ, ಎರಡು ಸಂಬಳ

ಈಗ ಇವತ್ತಿನ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದು ಕೂತುಕೊಳ್ಳಿ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಖಾಯಂ ಆಪರೇಟರ್ ಹುದ್ದೆ ಏಳನೆಯ ವೇತನ ಆಯೋಗದ ಎರಡನೆಯ ಹಂತದಲ್ಲಿದ್ದರೆ ಆರಂಭದ ಮೂಲವೇತನ 19,900 ರೂಪಾಯಿ. 2025ರ ಜುಲೈನಿಂದ ಅನ್ವಯವಾದ ತುಟ್ಟಿಭತ್ಯೆ ಶೇಕಡಾ 58. ಅದು 11,542 ರೂಪಾಯಿ. ಬೆಂಗಳೂರಿನಂಥ ದೊಡ್ಡ ನಗರಕ್ಕೆ ಮನೆ ಬಾಡಿಗೆ ಭತ್ಯೆ ಶೇಕಡಾ 30, ಅಂದರೆ 5,970. ಪ್ರಯಾಣ ಭತ್ಯೆ 1,350, ಅದರ ಮೇಲೂ ತುಟ್ಟಿಭತ್ಯೆ ಸೇರಿ 2,133. ಒಟ್ಟು 39,545 ರೂಪಾಯಿ. ಸೇವೆಗೆ ಸೇರಿದ ಮೊದಲ ತಿಂಗಳಿನ ಲೆಕ್ಕ ಇದು. ನಮ್ಮ ರಾಜ್ಯ ಸರ್ಕಾರದಲ್ಲಿ ಖಾಯಂ ನೌಕರನ ಅತಿ ಕೆಳಗಿನ ಮೂಲವೇತನವೇ 2024ರ ಆಗಸ್ಟ್ 1ರಿಂದ 27,000 ಆಯಿತು.

ಇನ್ನು ಅಂಥದೇ ಬೋರ್ಡಿನ ಮುಂದೆ ಏಜೆನ್ಸಿ ಮೂಲಕ ಬಂದು ಕೂತವರ ಲೆಕ್ಕ. ಅವರ ಸಂಬಳ ಎಷ್ಟೆಂದು ಊಹಿಸಲು ಒಂದು ಸುಲಭ ಗುರುತಿದೆ. 2017ರಲ್ಲಿ ನಿಗದಿಯಾದಂತೆ ಇ.ಎಸ್.ಐ. ಸೌಲಭ್ಯ ತಿಂಗಳಿಗೆ 21,000 ರೂಪಾಯಿ ಮೀರದವರಿಗೆ. ಕೈಯಲ್ಲಿ ಇ.ಎಸ್.ಐ. ಕಾರ್ಡಿದೆ ಎಂದರೆ ಸಾಮಾನ್ಯವಾಗಿ ಆ ಗೆರೆಯ ಕೆಳಗಿದ್ದಾರೆ ಎಂದೇ ಅರ್ಥ. ನಿಮ್ಮ ಗೆಳೆಯರಲ್ಲಿ ಎಷ್ಟು ಜನ ಆಪರೇಟರ್‌ಗಳ ಜೇಬಿನಲ್ಲಿ ಆ ಕಾರ್ಡಿದೆ, ನೀವೇ ಎಣಿಸಿ ನೋಡಿ.

ಅದರಲ್ಲೂ ಕೈಗೆ ಬರುವುದು ಬೇರೆ, ಕಾಗದದ ಮೇಲಿನದು ಬೇರೆ. ಲೆಕ್ಕ ಸುಲಭವಾಗಲೆಂದು ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ಎಂದಿಟ್ಟುಕೊಳ್ಳಿ. ಇದೇ ನ್ಯಾಯದ ಸಂಬಳ ಎಂದಲ್ಲ, ಲೆಕ್ಕಕ್ಕೆ ಮಾತ್ರ. ಪಿ.ಎಫ್. ಶೇಕಡಾ 12, ಅಂದರೆ 1,800 ಹೋಯಿತು. ಇ.ಎಸ್.ಐ. ಶೇಕಡಾ 0.75, ಅಂದರೆ 113 ಹೋಯಿತು. ಕೈಗೆ ಬಂದದ್ದು 13,087. ಆದರೆ ಮಾಲೀಕ ತನ್ನ ಪಾಲಿನ ಪಿ.ಎಫ್. 1,800 ಮತ್ತು ಇ.ಎಸ್.ಐ. ಶೇಕಡಾ 3.25, ಅಂದರೆ 488 ರೂಪಾಯಿಯನ್ನೂ ನಿಮ್ಮ ಲೆಕ್ಕಕ್ಕೇ ಬರೆದು "ನಿನ್ನ ಸಿ.ಟಿ.ಸಿ. 17,288" ಎನ್ನುತ್ತಾನೆ. ಹೇಳುವಾಗ 17,288, ಕೊಡುವಾಗ 13,087. ನಡುವಿನ 4,201 ರೂಪಾಯಿ ನಿಮ್ಮ ಹೆಸರಿನ ಪಿ.ಎಫ್., ಇ.ಎಸ್.ಐ. ಖಾತೆಗೆ ನಿಜವಾಗಿ ಬಿತ್ತೇ ಎಂದು ನೋಡಿಕೊಳ್ಳುವವರು ಹತ್ತಕ್ಕೆ ಎಷ್ಟು ಜನ?

ಏಜೆನ್ಸಿಯನ್ನು ನಡುವೆ ನಿಲ್ಲಿಸುವುದರ ಮರ್ಮವೂ ತಿಳಿದಿರಲಿ. 2016ರಲ್ಲಿ ಪಂಜಾಬ್ ಸರ್ಕಾರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ಖಾಯಂ ನೌಕರನ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರನಿಗೂ ಆ ಶ್ರೇಣಿಯ ಕನಿಷ್ಠ ವೇತನ ಸಿಗಬೇಕೆಂದು ಹೇಳಿತು. ಕಚೇರಿಯೇ ನೇರವಾಗಿ ಇಟ್ಟುಕೊಂಡರೆ ಈ ಹಕ್ಕು ಬಾಗಿಲು ತಟ್ಟುತ್ತದೆ. ನಡುವೆ ಒಬ್ಬ ಗುತ್ತಿಗೆದಾರ ಇದ್ದರೆ "ಇವರು ನಮ್ಮ ನೌಕರರೇ ಅಲ್ಲ" ಎಂದು ಕೈತೊಳೆಯಬಹುದು. ಕಚೇರಿ ಗುತ್ತಿಗೆದಾರನಿಗೆ ಸಂಬಳದ ಜೊತೆ ಸೇವಾ ಶುಲ್ಕ ಕೊಡುತ್ತದೆ, ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಕಟ್ಟುತ್ತದೆ. ಕುರ್ಚಿಗೆ ಖರ್ಚಾಗುವ ದುಡ್ಡಿದೆ, ಕುರ್ಚಿಯಲ್ಲಿ ಕೂತವನಿಗೆ ಮಾತ್ರ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಇಂಥವರಿಗೆಂದೇ ಹುಟ್ಟಿದ್ದು.

ಭಾಷೆಗೆ ಬೆಲೆ ಕಟ್ಟುವ ಬಗೆ

ಯಾರು ಕೆಲಸ ಕೊಟ್ಟರು ಎಂಬುದು ಸಂಬಳವನ್ನು ನಿರ್ಧರಿಸುವ ಮೊದಲನೆಯ ಸಂಗತಿ. ಪಾಳಿ, ಅನುಭವ, ಊರು, ಸಂಘ ಇದೆಯೋ ಇಲ್ಲವೋ, ಇವೆಲ್ಲ ಆಮೇಲೆ ಬರುತ್ತವೆ. ಇವುಗಳ ಜೊತೆಗೇ ಕೂತಿರುವ, ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿ ಭಾಷೆ.

ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಒಂದು ಶ್ರೇಣಿ ಇದೆ. ಜರ್ಮನ್, ಜಪಾನಿ, ಫ್ರೆಂಚ್ ಬಲ್ಲವರು ಮೇಲಿನ ಮೆಟ್ಟಿಲು. ಅಮೆರಿಕ, ಇಂಗ್ಲೆಂಡಿನ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಹೇಳುವವರು ಅದರ ಕೆಳಗೆ. ಅವರು ಡೊಮೆಸ್ಟಿಕ್ ಎಂದು ಕರೆಯುವ ನಮ್ಮ ದೇಶದ ಕರೆಗಳು ಕೆಳಗಿನ ಮೆಟ್ಟಿಲು. ಕನ್ನಡದ ಕರೆ ತೆಗೆದುಕೊಳ್ಳುವವರು ಇರುವುದು ಅಲ್ಲೇ.

ನ್ಯಾಯವಾಗಿ ಮಾತಾಡೋಣ. ಈ ವ್ಯತ್ಯಾಸಕ್ಕೆ ಕೆಲವು ಕಾರಣಗಳು ಸರಿಯಾದವೇ. ವಿದೇಶದ ಗಿರಾಕಿ ಡಾಲರಿನಲ್ಲಿ ಕೊಡುತ್ತಾನೆ. ನ್ಯೂಯಾರ್ಕಿಗೂ ನಮಗೂ ಒಂಬತ್ತೂವರೆ, ಹತ್ತೂವರೆ ಗಂಟೆ ಅಂತರ. ಅಲ್ಲಿನ ಹಗಲಿಗೆ ಇಲ್ಲಿ ರಾತ್ರಿಯಿಡೀ ಎಚ್ಚರ ಇರಬೇಕು. ನಿದ್ದೆ ಮಾರಿದವನಿಗೆ ನಾಲ್ಕು ಕಾಸು ಹೆಚ್ಚು ಸಿಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. 2005ರಲ್ಲಿ ಬೆಂಗಳೂರಿನ ಕಾಲ್ ಸೆಂಟರಿನ ಹೆಣ್ಣುಮಗಳೊಬ್ಬಳ ಕೊಲೆ ಆದಾಗ ರಾತ್ರಿ ಪಾಳಿಯ ಅಪಾಯ ಏನೆಂದು ಇಡೀ ಊರಿಗೆ ಗೊತ್ತಾಯಿತು.

ಆದರೆ 108ರಲ್ಲಿ ಕೂತವರು ರಾತ್ರಿ ನಿದ್ದೆ ಮಾಡುತ್ತಾರೆಯೇ? ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ. ಅಲ್ಲಿಗೆ, 112ಕ್ಕೆ, ವಿದ್ಯುತ್ತಿನ 1912ಕ್ಕೆ ನಡುರಾತ್ರಿ ಕರೆ ಬರುತ್ತದೆ. ಯಾದಗಿರಿಯ ಒಂದು ತಾಂಡಾದಿಂದ ಹೆದರಿದ ದನಿಯೊಂದು "ಹೆರಿಗಿ ಬ್ಯಾನಿ ಸುರು ಆಗ್ಯದ್ರಿ, ಲಗೂನ ಬರ್ರಿ" ಎನ್ನುತ್ತದೆ. ಕುಂದಾಪುರದ ಕಡೆಯವರ ಮಾತೇ ಬೇರೆ, ಚಾಮರಾಜನಗರದವರ ಮಾತೇ ಬೇರೆ. ಊರಿನ ಹೆಸರು ಹೇಳುತ್ತಾರೆ, ಆ ಹೆಸರಿನ ಊರು ಮೂರು ತಾಲ್ಲೂಕಿನಲ್ಲಿ ಇರುತ್ತದೆ. ಹೆದರಿಕೆಯಲ್ಲಿ ತೊದಲುವ ಆ ಮಾತಿನಿಂದ ಯಾವ ಊರು, ಯಾವ ತಿರುವು, ಏನು ಕಾಯಿಲೆ ಎಂದು ಅರ್ಧ ನಿಮಿಷದಲ್ಲಿ ತೆಗೆಯಬೇಕು. ಇದು ಕೌಶಲವಲ್ಲದೆ ಮತ್ತೇನು? ಜರ್ಮನ್ ಕಲಿತವನದು ಕೌಶಲ, ಬೀದರಿನಿಂದ ಕೊಳ್ಳೇಗಾಲದವರೆಗಿನ ಕನ್ನಡವನ್ನೆಲ್ಲ ಬಲ್ಲವನದು ಹುಟ್ಟುಗುಣವೇ? ತಾಯಿಯಿಂದ ಕಲಿತದ್ದು ಎಂಬ ಕಾರಣಕ್ಕೆ ಅದು ಬಿಟ್ಟಿ ಆಗಬೇಕೇ?

ನಮ್ಮ ಮುದ್ರಣದ ಕಸುಬಿನಲ್ಲಿ ಈ ಪ್ರಶ್ನೆಗೆ ಎಂದೋ ಉತ್ತರ ಸಿಕ್ಕಿತ್ತು. ಇಂಗ್ಲಿಷಿಗೆ 26 ಅಕ್ಷರದ ಮೊಳೆ, ಸಣ್ಣದು ದೊಡ್ಡದು ಸೇರಿದರೂ ಎರಡು ಕೇಸಿನಲ್ಲಿ ಮುಗಿಯುತ್ತಿತ್ತು. ಕನ್ನಡಕ್ಕೆ ಕಾಗುಣಿತ, ಒತ್ತು, ದೀರ್ಘ ಎಂದು ನೂರಾರು ಮೊಳೆ. ಕನ್ನಡ ಕಂಪೋಸ್ ಮಾಡುವವನ ಕೈ ನಾಲ್ಕು ಕಡೆ ಓಡಬೇಕಿತ್ತು. ಆದ್ದರಿಂದ ಕನ್ನಡದ ಪುಟಕ್ಕೆ ಕಂಪೋಸಿಂಗ್ ದರ ಹೆಚ್ಚು ಹಿಡಿಯುತ್ತಿದ್ದರು, ನುರಿತ ಕನ್ನಡ ಕಂಪೋಸಿಟರ್‌ನನ್ನು ಬೇರೆ ಪ್ರೆಸ್ಸಿನವರು ಹೆಚ್ಚು ಕೊಟ್ಟು ಕರೆದುಕೊಂಡು ಹೋಗುತ್ತಿದ್ದರು. ಕಷ್ಟದ ಕೆಲಸಕ್ಕೆ ಹೆಚ್ಚು ಕೂಲಿ. ಈ ಸರಳ ಲೆಕ್ಕ ಅಚ್ಚಿನ ಮನೆಗೆ ಅರ್ಥವಾಗಿತ್ತು, ಗಾಜಿನ ಕಟ್ಟಡಗಳಿಗೆ ಅರ್ಥವಾಗುತ್ತಿಲ್ಲ.

ಈಗಲೂ ನನ್ನ ಪ್ರೆಸ್ಸಿಗೆ "ಆಪರೇಟರ್ ಬೇಕಾಗಿದ್ದಾರೆ" ಎಂಬ ಕರಪತ್ರಗಳು ಅಚ್ಚಿಗೆ ಬರುತ್ತವೆ. ಇಂಗ್ಲಿಷ್, ಹಿಂದಿ ಕಡ್ಡಾಯ ಎಂದಿರುತ್ತದೆ. ಕನ್ನಡ ಗೊತ್ತಿದ್ದರೆ ಒಳ್ಳೆಯದು ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಸಣ್ಣ ಅಕ್ಷರವೇ ಸಂಬಳವನ್ನೂ ಸಣ್ಣದು ಮಾಡುತ್ತದೆ. ಕಡ್ಡಾಯ ಎಂದರೆ ಅದು ಅರ್ಹತೆ, ಅರ್ಹತೆಗೆ ದರ ಕೇಳಬಹುದು. ಗೊತ್ತಿದ್ದರೆ ಒಳ್ಳೆಯದು ಎಂದರೆ ಅದು ಕೊಸರು. ಸಂತೆಯಲ್ಲಿ ಸೊಪ್ಪಿನ ಜೊತೆ ಕೊಸರು ಕೇಳಿದ ಹಾಗೆ ನಮ್ಮ ಭಾಷೆಯನ್ನು ಬಿಟ್ಟಿ ಕೇಳುತ್ತಿದ್ದಾರೆ.

ಇದರ ಜೊತೆಗೆ ಇನ್ಸೆಂಟಿವ್ ಎಂಬ ಮೂಗಿನ ತುಪ್ಪ. ಒಂದು ಕರೆಯನ್ನು ಇಷ್ಟೇ ನಿಮಿಷದಲ್ಲಿ ಮುಗಿಸಬೇಕೆಂಬ ಗಡುವು ಇರುತ್ತದೆ. ಮುಗಿಸಿದರೆ ದುಡ್ಡು, ಇಲ್ಲದಿದ್ದರೆ ಕಡಿತ. ಹಳ್ಳಿಯಿಂದ ಮಾತಾಡುವ ಅಜ್ಜಿ ನೇರ ವಿಷಯಕ್ಕೆ ಬರುವುದಿಲ್ಲ. ಕೊಟ್ಟಿಗೆ, ಮಳೆ, ಮಗನ ಸುದ್ದಿ ಎಲ್ಲ ಹೇಳಿ ಆಮೇಲೆ ಬಿಲ್ಲಿನ ಮಾತೆತ್ತುತ್ತಾಳೆ. ಅವಳ ಮಾತನ್ನು ತಾಳ್ಮೆಯಿಂದ ಕೇಳಿದ ಆಪರೇಟರ್‌ಗೆ ತಿಂಗಳ ಕೊನೆಗೆ ಕತ್ತರಿ. ಒರಟಾಗಿ ಲೈನು ಕತ್ತರಿಸಿದವನಿಗೆ ಬಹುಮಾನ. ಇದು ಯಾವ ಸೀಮೆಯ ನ್ಯಾಯ?

ನಿಮ್ಮ ಬೆರಳ ತುದಿಯಲ್ಲಿ

ಇಲ್ಲಿಯವರೆಗೆ ಮಾಲೀಕರನ್ನು ಬೈದದ್ದಾಯಿತು. ಇನ್ನು ನಮ್ಮ ಕಡೆಗೆ ಬೆರಳು ತಿರುಗಿಸಿಕೊಳ್ಳೋಣ.

ಕಸ್ಟಮರ್ ಕೇರ್‌ಗೆ ಕರೆ ಮಾಡಿದಾಗ "ಇಂಗ್ಲಿಷಿಗೆ 1, ಹಿಂದಿಗೆ 2, ಕನ್ನಡಕ್ಕೆ 3" ಎನ್ನುವ ದನಿ ಕೇಳಿರುತ್ತೀರಿ. ಕನ್ನಡದ ಎಷ್ಟು ಹುಡುಗರು 3 ಬರುವವರೆಗೆ ಕಾಯುತ್ತೀರಿ? ಬೇಗ ಆಗಲಿ ಎಂದು 1 ಒತ್ತಿಬಿಡುತ್ತೀರಿ. ಆ ಒಂದು ಒತ್ತಿಗೂ ಕನ್ನಡ ಆಪರೇಟರ್‌ನ ಅನ್ನಕ್ಕೂ ನೇರ ಸಂಬಂಧವಿದೆ.

ಎಷ್ಟು ಆಪರೇಟರ್ ಬೇಕೆಂದು ಲೆಕ್ಕ ಹಾಕುವ ವಿದ್ಯೆಗೆ ನೂರು ವರ್ಷ ಮೀರಿದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೂತು 1909ರಲ್ಲಿ, ಮತ್ತೆ 1917ರಲ್ಲಿ ಅದನ್ನು ಬರೆದಿಟ್ಟ. ಇವತ್ತಿನ ಕಾಲ್ ಸೆಂಟರ್‌ಗಳು ನಡೆಯುವುದೂ ಅದೇ ದಾರಿಯಲ್ಲಿ. ಮೂಲ ಲೆಕ್ಕ ಬಹಳ ಸುಲಭ. ಅರ್ಧ ಗಂಟೆಯಲ್ಲಿ ಕನ್ನಡದ ಸಾಲಿಗೆ 60 ಕರೆ ಬರುತ್ತವೆ, ಒಂದೊಂದಕ್ಕೆ 4 ನಿಮಿಷ ಎಂದಿಟ್ಟುಕೊಳ್ಳಿ. ಒಟ್ಟು 240 ನಿಮಿಷದ ಕೆಲಸ. ಒಬ್ಬನಿಗೆ 30 ನಿಮಿಷ ಎಂದರೆ ಕನಿಷ್ಠ 8 ಜನ ಬಿಡುವಿಲ್ಲದೆ ಮಾತಾಡಬೇಕು. ಗಿರಾಕಿ ಕಾಯಬಾರದೆಂದರೆ ಇನ್ನೂ ಒಂದಿಬ್ಬರು ಬೇಕು. ಆ 60 ಜನರಲ್ಲಿ 30 ಜನ ಇಂಗ್ಲಿಷಿನ ಗುಂಡಿ ಒತ್ತಿದರೆ? ಕೆಲಸ 120 ನಿಮಿಷಕ್ಕೆ ಇಳಿಯಿತು, 8 ಕುರ್ಚಿ 4 ಆಯಿತು. ಕಂಪನಿಯ ಕಂಪ್ಯೂಟರಿನಲ್ಲಿ "ಕನ್ನಡಕ್ಕೆ ಬೇಡಿಕೆ ಇಲ್ಲ" ಎಂದು ದಾಖಲಾಯಿತು. ಬೇಡಿಕೆ ಇಲ್ಲದ ಸರಕಿಗೆ ಯಾರು ಹೆಚ್ಚು ಬೆಲೆ ಕೊಡುತ್ತಾರೆ?

ನವೆಂಬರ್ ತಿಂಗಳಲ್ಲಿ ಹಳದಿ ಕೆಂಪು ಶಾಲು ಹೊದ್ದು, ಡಿಸೆಂಬರ್‌ನಲ್ಲಿ ಇಂಗ್ಲಿಷಿನ ಗುಂಡಿ ಒತ್ತಿದರೆ ಆ ಶಾಲಿಗೆ ಅರ್ಥವಿಲ್ಲ ಗೆಳೆಯರೇ. ಹನ್ನೆರಡು ತಿಂಗಳೂ ಕನ್ನಡದ ಗುಂಡಿ ಒತ್ತಿ. ಆ ಗುಂಡಿಯೇ ಇಲ್ಲದಿದ್ದರೆ ಕೇಳಿ, ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಾಲಿನಲ್ಲಿ ಎರಡು ನಿಮಿಷ ಹೆಚ್ಚು ಕಾಯಬೇಕಾದರೆ ಕಾಯಿರಿ. ಕಾಯುವವರ ಸಾಲು ಉದ್ದವಾದರೆ ತಾನೇ ಕುರ್ಚಿ ಹೆಚ್ಚಾಗುವುದು? ಈಗ ಮನುಷ್ಯರ ಬದಲು ಯಂತ್ರದ ದನಿ ಮಾತಾಡುವ ಕಾಲವೂ ಬಂದಿದೆ. ಆ ಯಂತ್ರಕ್ಕೆ ಕನ್ನಡ ಕಲಿಸಬೇಕಾದರೂ ಕನ್ನಡಿಗರ ದನಿಯೇ ಬೇಕು. ನಮ್ಮ ಸಾಲೇ ಖಾಲಿ ಇದ್ದರೆ ಆ ಕೆಲಸವೂ ನಮಗಿಲ್ಲ.

ಕೆಲಸಕ್ಕೆ ಸೇರುವ ಮುನ್ನ

ನಾನೂ ಪಿಯುಸಿ ಮೆಟ್ಟಿಲಿಗೆ ನಿಂತವನು. ಕಾನೂನಿನ ದಪ್ಪ ಪುಸ್ತಕ ಓದಿದವನಲ್ಲ. ಆದರೆ ಸಹಿ ಹಾಕುವ ಕಾಗದವನ್ನು ಓದಲು ಪಿಯುಸಿ ಸಾಕು. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ನಿಮಗೆ ಬೇಕಾದ ನಾಲ್ಕು ಮಾತು ಇವೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಬರಬೇಕು. ನಿಗದಿತ ಹೊತ್ತು ಮೀರಿ ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟಿಗೆ ಕಡಿಮೆ ಇಲ್ಲದ ದರ ಕೊಡಬೇಕು. ಒಂದೇ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಸಂಬಳ ಕೂಡದು. ಕೆಲಸ ಬಿಟ್ಟರೂ, ಬಿಡಿಸಿದರೂ ಎರಡು ಕೆಲಸದ ದಿನಗಳಲ್ಲಿ ಬಾಕಿ ಚುಕ್ತಾ ಆಗಬೇಕು. ಎಮ್ಮಾ ನಟ್ ಕಾಲದಿಂದ ಹೆಣ್ಣುಮಕ್ಕಳ ದನಿಯನ್ನು ಅಗ್ಗಕ್ಕೆ ಕೊಂಡವರಿಗೆ ಮೂರನೆಯ ಮಾತನ್ನು ಗಟ್ಟಿಯಾಗಿ ಓದಿ ಹೇಳಿ.

ಸೇರುವ ದಿನ ಕೇಳಿ: ನನ್ನ ಮಾಲೀಕ ಯಾರು, ಕಂಪನಿಯೋ ಏಜೆನ್ಸಿಯೋ? ಕೈಗೆ ಬರುವುದು ಎಷ್ಟು? ನನ್ನನ್ನು ಕುಶಲ ಕೆಲಸಗಾರ ಎಂದು ಬರೆದಿದ್ದೀರೋ, ಅರೆಕುಶಲ ಎಂದೋ? ಕನಿಷ್ಠ ವೇತನ ನಿಗದಿಯಾಗುವುದು ಈ ದರ್ಜೆಯ ಮೇಲೆ, ಊರಿನ ವಲಯದ ಮೇಲೆ. ಒಂದು ಪದ ಬದಲಾದರೆ ವರ್ಷಕ್ಕೆ ಸಾವಿರಾರು ರೂಪಾಯಿ ಬದಲಾಗುತ್ತದೆ. ರಾತ್ರಿ ಪಾಳಿಗೆ ಭತ್ಯೆ ಎಷ್ಟು, ಮನೆಗೆ ಬಿಡುವ ಗಾಡಿ ಉಂಟೋ ಇಲ್ಲವೋ? ನೇಮಕದ ಪತ್ರ, ತಿಂಗಳ ಸಂಬಳದ ಚೀಟಿ ಕೈಗೆ ಕೊಡುತ್ತೀರೋ? ಇವನ್ನು ಕೇಳಿದರೆ ಕೆಲಸ ಕೊಡುವುದಿಲ್ಲ ಎಂದು ಹೆದರಬೇಡಿ. ಕೇಳಿದ್ದಕ್ಕೆ ಕೆಲಸ ಕೊಡದವನು ದುಡಿದದ್ದಕ್ಕೆ ಸಂಬಳ ಕೊಡುತ್ತಾನೆಯೇ?

ನಮ್ಮ ಒತ್ತಾಯ

ಡಾ. ಸರೋಜಿನಿ ಮಹಿಷಿ ಅವರ ಸಮಿತಿ ರಚನೆಯಾದದ್ದು 1983ರಲ್ಲಿ, ಅಂತಿಮ ವರದಿ ಬಂದದ್ದು 1986ರಲ್ಲಿ. ಇಲ್ಲಿನ ಕೇಂದ್ರ ಉದ್ಯಮಗಳಲ್ಲಿ ಸಿ ಮತ್ತು ಡಿ ದರ್ಜೆಯ ಕೆಲಸಗಳೆಲ್ಲ ಕನ್ನಡಿಗರಿಗೆ ಸಿಗಲಿ ಎಂದಿತು ಆ ವರದಿ. ಆಪರೇಟರ್ ಕೆಲಸ ಸಿ ದರ್ಜೆಗೆ ಸೇರಿದ್ದು. ನಾವು ಅಂದಿನಿಂದ ಕೆಲಸ ಕೇಳುತ್ತಾ ಬಂದಿದ್ದೇವೆ, ಸರಿ. ಇನ್ನು ಮುಂದೆ ಕೆಲಸದ ಜೊತೆಗೆ ಕೂಲಿಯನ್ನೂ ಕೇಳಬೇಕು. ಕಡಿಮೆ ಕೂಲಿಯ ಕೆಲಸವನ್ನೆಲ್ಲ ಕನ್ನಡಿಗರಿಗೆ ಮೀಸಲಿಟ್ಟು ಬೆನ್ನು ತಟ್ಟಿದರೆ ಅದು ಉಪಕಾರವಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಕರ್ನಾಟಕದಲ್ಲಿ ಸಾರ್ವಜನಿಕರ ಕರೆ ತೆಗೆದುಕೊಳ್ಳುವ ಪ್ರತಿ ಹುದ್ದೆಗೂ ಕನ್ನಡವನ್ನು ಅರ್ಹತೆ ಎಂದು ಬರೆಯಿರಿ, ಸಣ್ಣ ಅಕ್ಷರದ ಕೊಸರು ಮಾಡಬೇಡಿ. ಸರ್ಕಾರದ ಸಹಾಯವಾಣಿಗಳ ಟೆಂಡರಿನಲ್ಲೇ ಕನ್ನಡ ಬಲ್ಲ ಆಪರೇಟರ್‌ಗೆ ಭಾಷಾ ಭತ್ಯೆ ಎಂದು ಒಂದು ಸಾಲು ಸೇರಿಸಿ, ಅದು ಏಜೆನ್ಸಿಯ ಜೇಬಿಗಲ್ಲ, ಆಪರೇಟರ್‌ನ ಖಾತೆಗೆ ಹೋಗಲಿ. 108, 112ರಂಥ ಕಡೆ ಕೂತವರನ್ನು ಕುಶಲ ಕೆಲಸಗಾರರ ದರ್ಜೆಗೆ ಸೇರಿಸಿ. ವರ್ಷಾನುಗಟ್ಟಲೆ ಒಂದೇ ಕುರ್ಚಿಯಲ್ಲಿ ದುಡಿದವರನ್ನು ಏಜೆನ್ಸಿ ಬದಲಾದಾಗಲೆಲ್ಲ ಹೊಸಬರೆಂದು ಲೆಕ್ಕ ಹಾಕುವುದನ್ನು ನಿಲ್ಲಿಸಿ.

ಆಪರೇಟರ್ ಗೆಳೆಯ ಗೆಳತಿಯರಿಗೆ ಒಂದು ಮಾತು. ದಿನಕ್ಕೆ ನೂರು ಜನರ ದೂರು ಕೇಳುವ ನೀವು ನಿಮ್ಮ ದೂರನ್ನು ಒಬ್ಬರಿಗೂ ಹೇಳದೆ ಮನೆಗೆ ಹೋಗುತ್ತೀರಿ. ಪಕ್ಕದ ಕುರ್ಚಿಯವರ ಸಂಬಳ ಎಷ್ಟೆಂದು ಕೇಳಲು ಸಂಕೋಚಪಡುತ್ತೀರಿ. ಮೊದಲು ಅದನ್ನು ಕೇಳಿ. ಹತ್ತು ಜನರ ಸಂಬಳದ ಚೀಟಿ ಒಂದು ಮೇಜಿನ ಮೇಲೆ ಬಂದರೆ ಅರ್ಧ ಸಂಘ ಕಟ್ಟಿದ ಹಾಗೆ. ಉಳಿದರ್ಧಕ್ಕೆ ನಮ್ಮನ್ನು ಕರೆಯಿರಿ. ಕರಪತ್ರ ಅಚ್ಚು ಮಾಡುವುದಕ್ಕೆ ಈ ಪ್ರೆಸ್ಸು ಕಾಸು ಕೇಳುವುದಿಲ್ಲ.